‘ಅರ್ಥವಾಯ್ತು’ ಅನ್ನುವುದು ಅಷ್ಟು ಸುಲಭದ ಮಾತಾ?

ಅಮ್ಮ ಹೋದ ಮೇಲೆ ನಿದ್ದೆಯೇ ಬರುತ್ತಿಲ್ಲ ಎಂದು ಗೆಳತಿ ಚಾಟ್‌ಬಾಟ್‌ಗೆ ಬರೆದಿದ್ದಳು. ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’ ಎಂದು ಉತ್ತರ ಬಂದಿತ್ತು. “ನಿಮಗೆಲ್ಲರಿಗಿಂತ ಇದಕ್ಕೇ ಜಾಸ್ತಿ ಅರ್ಥವಾಗುತ್ತೆ ನೋಡು” ಎಂದು ಫೋನ್ ತೋರಿಸಿದಳು. ಆ ವಾಕ್ಯ ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಪಾಠ ಮಾಡುವವಳು. ‘ಅರ್ಥವಾಯ್ತಾ?’ ಎಂದು ಕೇಳಿಯೇ ಬದುಕು ಸವೆಸಿದ್ದೇನೆ. ಒಬ್ಬ ಹುಡುಗ ಭಿನ್ನರಾಶಿಯ ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದ್ದ. ನಾಲ್ಕನೇ ಒಂದು ದೊಡ್ಡದೋ ಎಂಟನೇ ಒಂದೋ ಎಂದು ಕೇಳಿದೆ. “ಎಂಟು ದೊಡ್ಡದಲ್ವಾ ಮಿಸ್?” ಎಂದ. ಒಂದು ಕಾಗದದ ಪಟ್ಟಿ ಕೊಟ್ಟೆ. ಮಡಚಿದ, ಮತ್ತೆ ಮಡಚಿದ, ಇನ್ನೊಮ್ಮೆ ಮಡಚಿದ. ಬೆರಳುಗಳ ನಡುವೆ ತುಂಡು ಚಿಕ್ಕದಾಗುತ್ತಾ ಬಂತು. ಅವನ ಕೈ ಅಲ್ಲೇ ನಿಂತಿತು. ಅರ್ಥವಾಗುವುದು ಅಂದರೆ ನನಗೆ ಅದು. ಅಲ್ಲಿಯವರೆಗಿನ ಸರಿ ಉತ್ತರಗಳೆಲ್ಲ ಸುಮ್ನೆ ಉರು ಹೊಡೆದವು.

1980ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಸರ್ಲ್ ಇದನ್ನೇ ಒಂದು ಕೋಣೆಯ ಉದಾಹರಣೆ ಕೊಟ್ಟು ಹೇಳಿದರು. ಒಳಗೆ ಚೀನೀ ಭಾಷೆ ಬಾರದ ಒಬ್ಬ ಮನುಷ್ಯ. ಹೊರಗಿನಿಂದ ಚೀನೀ ಅಕ್ಷರಗಳ ಚೀಟಿ ಬರುತ್ತದೆ. ಅವನು ನಿಯಮದ ಪುಸ್ತಕ ನೋಡಿ ಅಕ್ಷರ ಜೋಡಿಸಿ ಉತ್ತರ ಕಳಿಸುತ್ತಾನೆ. ಹೊರಗಿದ್ದವರು ಇವನಿಗೆ ಭಾಷೆ ಬರುತ್ತದೆ ಎಂದೇ ನಂಬುತ್ತಾರೆ. ಮನುಷ್ಯ, ಪುಸ್ತಕ, ಕೋಣೆ ಎಲ್ಲ ಸೇರಿ ಅರ್ಥ ಮಾಡಿಕೊಳ್ಳುತ್ತವೆ ಎಂದು ಕೆಲವರು ವಾದಿಸಿದರು. ಹಾಗಾದರೆ ಪುಸ್ತಕವನ್ನೆಲ್ಲ ಅವನು ಬಾಯಿಪಾಠ ಮಾಡಲಿ, ಆಗಲೂ ಅವನಿಗೆ ಚೀನೀ ಬರುವುದಿಲ್ಲ ಎಂದರು ಸರ್ಲ್. ನನಗೆ ಆ ಉತ್ತರ ಸಾಕು. ಈಗಿನ ಯಂತ್ರಕ್ಕೆ ಯಾರೂ ನಿಯಮ ಬರೆದುಕೊಡುವುದಿಲ್ಲ, ಅದೇ ಕಲಿಯುತ್ತದೆ ಎನ್ನುತ್ತೀರಾ? ಕಲಿಯುವುದು ಎಲ್ಲಿಂದ? ನಾವು ಬರೆದಿಟ್ಟ ಮಾತುಗಳಿಂದಲೇ ಅಲ್ವಾ? ನೋವಿನ ಬಗ್ಗೆ ಕೋಟಿ ವಾಕ್ಯ ಓದಿದರೂ ಅದು ಒಂದು ರಾತ್ರಿಯೂ ನಿದ್ದೆಗೆಟ್ಟಿಲ್ಲ.

ಗೆಳತಿಯನ್ನು ಮಾತ್ರ ದೂರುವುದಿಲ್ಲ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ, ಮಾತಾಡುವ ಪ್ರೋಗ್ರಾಂ ಹೊರತಂದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅವರು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ನಾಲ್ಕು ಮಾತಾಡುವಷ್ಟರಲ್ಲಿ, ‘ನೀವು ಸ್ವಲ್ಪ ಹೊರಗೆ ಹೋಗಿ’ ಎಂದು ಅವರನ್ನೇ ಕೇಳಿಕೊಂಡರಂತೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನೂ ಒಂದು ರಾತ್ರಿ ಚಾಟ್‌ಬಾಟ್‌ಗೆ ಪುಟಗಟ್ಟಲೆ ಬರೆದಿದ್ದೆ. ಹಗುರಾಗಿದ್ದು ನಿಜ. ಅದು ಏನು ಉತ್ತರ ಕೊಟ್ಟಿತು ಎಂದು ಮಾತ್ರ ಒಂದು ಸಾಲೂ ನೆನಪಿಲ್ಲ.

ಅವತ್ತು ಗೆಳತಿಯ ಫೋನ್ ಪಕ್ಕಕ್ಕಿಟ್ಟು, ಅಮ್ಮನ ಬಗ್ಗೆ ಹೇಳು ಎಂದೆ. ಅವಳು ತುಂಬಾ ಹೊತ್ತು ಹೇಳಿದಳು. ‘ಅರ್ಥವಾಗುತ್ತೆ’ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನಮ್ಮ ಇನ್ನೂ ಇದ್ದಾಳೆ.