ಜಾನ್ ಡೋರ್ ಎಂಬ ಸರ್ಕಾರಿ ವಕೀಲ

1964ರ ಜೂನ್‌ನಲ್ಲಿ, ದಕ್ಷಿಣದ ರಾಜ್ಯ ಮಿಸಿಸಿಪ್ಪಿಗೆ ಕಪ್ಪು ಜನರನ್ನು ಮತದಾರರಾಗಿ ನೋಂದಾಯಿಸಲೆಂದು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ ನಿಂತು, ನಿಮ್ಮನ್ನು ಕಾಯಲು ಕೇಂದ್ರದ ಬಳಿ ಪೊಲೀಸ್ ಪಡೆಯಿಲ್ಲ ಎಂದು ಹೇಳಿದ ಅಮೆರಿಕದ ಸರ್ಕಾರಿ ವಕೀಲ ಜಾನ್ ಡೋರ್ ಅವರನ್ನು ಆ ಯುವಕರು ಕೂಗಿ ಹೀಯಾಳಿಸಿದರು. ಅವರ ವೃತ್ತಿಜೀವನವನ್ನು ನಾನು ಅಳೆಯುವುದು ಈ ಗಳಿಗೆಯಿಂದಲೇ.

ವಿಸ್ಕಾನ್ಸಿನ್‌ನ ಸಣ್ಣ ಊರಿನಲ್ಲಿ ಮನೆತನದ ವಕೀಲಿ ನಡೆಸುತ್ತಿದ್ದ ಈ ರಿಪಬ್ಲಿಕನ್, 1960ರಲ್ಲಿ ಐಸೆನ್‌ಹೋವರ್ ಆಡಳಿತದ ಕೊನೆಗಾಲದಲ್ಲಿ ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗವನ್ನು ಸೇರಿದರು. ಡೆಮಾಕ್ರಟ್ ಅಧ್ಯಕ್ಷರಾದ ಕೆನಡಿ ಬಂದರೂ ಜಾನ್ಸನ್ ಬಂದರೂ ಅಲ್ಲೇ ಉಳಿದು, 1965ರಲ್ಲಿ ಅದರ ಮುಖ್ಯಸ್ಥರಾದರು. 1963ರಲ್ಲಿ ಹತ್ಯೆಯಾದ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಅಂತ್ಯಕ್ರಿಯೆಯ ದಿನ ಮಿಸಿಸಿಪ್ಪಿಯ ಜಾಕ್ಸನ್ ನಗರದ ಬೀದಿಯಲ್ಲಿ ಪೊಲೀಸರಿಗೂ ಕಲ್ಲು ತೂರುತ್ತಿದ್ದ ಗುಂಪಿಗೂ ನಡುವೆ ನಿಂತು ರಕ್ತಪಾತ ತಪ್ಪಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಅವರ ಗುಮಾಸ್ತಿಕೆ. ನೋಂದಣಿ ದಾಖಲೆಗಳನ್ನು ಪರಿಶೀಲಿಸಲು 1960ರ ನಾಗರಿಕ ಹಕ್ಕುಗಳ ಕಾಯ್ದೆ ಕೊಟ್ಟಿದ್ದ ಅಧಿಕಾರವನ್ನು ಹಿಡಿದು, ವಿಭಾಗದ ವಕೀಲರು ದಕ್ಷಿಣದ ಕೌಂಟಿ ಕಚೇರಿಗಳಲ್ಲಿ ಅರ್ಜಿಗಳ ಫೋಟೋ ತೆಗೆದು, ಬಿಳಿಯರದನ್ನೂ ಕಪ್ಪು ಜನರದನ್ನೂ ಸಾಲುಸಾಲಾಗಿ ಹೋಲಿಸಿದರು. ಮತದಾರರಾಗಲು ಪಾಸಾಗಬೇಕಿದ್ದ, ಸಂವಿಧಾನದ ಕಲಮೊಂದನ್ನು ವಿವರಿಸುವ ಪರೀಕ್ಷೆಯಲ್ಲಿ ಕಪ್ಪು ಜನಾಂಗದ ಶಾಲಾ ಶಿಕ್ಷಕರು ನಪಾಸಾಗಿದ್ದರು! ಲೂಸಿಯಾನದ ಈಸ್ಟ್ ಕ್ಯಾರಲ್‌ನಲ್ಲಿ 1922ರಿಂದ ಕಪ್ಪು ಜನಾಂಗದ ಒಬ್ಬರ ಹೆಸರೂ ಪಟ್ಟಿಗೆ ಸೇರಿರಲಿಲ್ಲ. ಭೇದಭಾವವೇ ಇಲ್ಲವೆನ್ನುವ ಅಧಿಕಾರಿಯ ಬಾಯನ್ನು ಮುಚ್ಚಿಸಲು ಅವನದೇ ಕಡತ ಸಾಕಿತ್ತು.

ಹಾಗಿದ್ದೂ ಆ ಜೂನ್‌ನ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದಕ್ಕೆ ಎರಡು ವರ್ಷಗಳ ಹಿಂದೆ ಕಪ್ಪು ಜನಾಂಗದ ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ ಅವರನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರಿಸಲು ಅದೇ ಕೇಂದ್ರ ಮಾರ್ಷಲ್‌ಗಳನ್ನೂ ಸೈನ್ಯವನ್ನೂ ಕಳುಹಿಸಿತ್ತು; ಡೋರ್ ಸ್ವತಃ ಅವರ ಜೊತೆ ವಸತಿನಿಲಯದಲ್ಲಿ ತಂಗಿದ್ದರು. ಅಂದರೆ ಕೊರತೆಯಿದ್ದುದು ಬಲದ್ದಲ್ಲ, ಮನಸ್ಸಿನದು. ಮತ್ತು ಆ ಮನಸ್ಸು ಮೇಲಿನವರದ್ದು. ಅದನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಸರ್ಕಾರಿ ವಕೀಲನಿಗಿರುವುದಿಲ್ಲ.

1964ರ ಅದೇ ಜೂನ್ 21ರಂದು ಮಿಸಿಸಿಪ್ಪಿಯ ನೆಶೋಬಾ ಕೌಂಟಿಯಲ್ಲಿ ಚೇನಿ, ಗುಡ್‌ಮನ್ ಮತ್ತು ಶ್ವರ್ನರ್ ಎಂಬ ನಾಗರಿಕ ಹಕ್ಕುಗಳ ಮೂವರು ಯುವ ಕಾರ್ಯಕರ್ತರ ಕೊಲೆಯಾಯಿತು. ರಾಜ್ಯ ಆಗ ಕೊಲೆ ಮೊಕದ್ದಮೆ ಹೂಡಲಿಲ್ಲ. ಕೇಂದ್ರದ ಕೈಯಲ್ಲಿದ್ದದ್ದು, ಹಕ್ಕು ಕಸಿಯಲು ಸಂಚು ಹೂಡುವುದನ್ನು ಅಪರಾಧವೆನ್ನುವ, 1870ರ ಮೂಲದ ಕಲಮೊಂದೇ. ಆಗ ಹತ್ತು ವರ್ಷವೇ ಅದರ ಗರಿಷ್ಠ ಶಿಕ್ಷೆಯಾಗಿತ್ತು. ಅದನ್ನೇ ಹಿಡಿದು 1967ರಲ್ಲಿ ಡೋರ್ ಖುದ್ದಾಗಿ ವಾದಿಸಿದರು. ಬಿಳಿಯರಷ್ಟೇ ಇದ್ದ ಜ್ಯೂರಿ 18 ಆರೋಪಿಗಳಲ್ಲಿ 7 ಮಂದಿಯನ್ನು ತಪ್ಪಿತಸ್ಥರೆಂದಿತು. ಜ್ಯೂರಿಯಲ್ಲಿ ಒಮ್ಮತ ಮೂಡದೆ ಅಂದು ಪಾರಾದ ಎಡ್ಗರ್ ರೇ ಕಿಲ್ಲನ್‌ಗೆ ರಾಜ್ಯದ ನ್ಯಾಯಾಲಯ ಶಿಕ್ಷೆ ಕೊಟ್ಟದ್ದು 2005ರಲ್ಲಿ. ಆಗ ಡೋರ್ ಅವರಿಗೆ 83 ವರ್ಷ.