ಹದಿನೈದು ಸೆಕೆಂಡಿನ ಶಿಸ್ತು, ಏಳೂವರೆ ತಿಂಗಳ ಹಂಗಾಮು

ತಮ್ಮದು ಗಡಿಯಾರವಿಲ್ಲದ ಆಟವೆಂದು ಅಮೆರಿಕದ ಬೇಸ್‌ಬಾಲ್ ಮಂದಿ ತಲೆಮಾರುಗಳಿಂದ ಎದೆಯುಬ್ಬಿಸಿ ಹೇಳಿಕೊಂಡು ಬಂದಿದ್ದರು. ಬ್ಯಾಸ್ಕೆಟ್‌ಬಾಲಿನಲ್ಲಿ ಮುಂದಿರುವ ತಂಡ ಕೊನೆಯ ಸೆಕೆಂಡುಗಳಲ್ಲಿ ಚೆಂಡನ್ನು ಹಿಡಿದುಕೊಂಡೇ ಕಾಲ ಕಳೆದು ಗೆದ್ದುಬಿಡಬಹುದು. ಬೇಸ್‌ಬಾಲಿನಲ್ಲಿ ಮಾತ್ರ, ಒಂಬತ್ತು ಇನಿಂಗ್ಸ್‌ಗೆ ತಲಾ ಮೂರರಂತೆ, ಇಪ್ಪತ್ತೇಳನೆಯ ಔಟ್ ಬೀಳುವವರೆಗೆ ಯಾವ ತಂಡವೂ ಸೋತಂತಲ್ಲ. ಈ ತತ್ವವನ್ನು ಅಕ್ಷರಶಃ ಪಾಲಿಸಿದವರೂ ಇದ್ದರು. 1981ರ ಏಪ್ರಿಲ್‌ನಲ್ಲಿ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಎಂಬ ಊರಿನಲ್ಲಿ ಸಂಜೆ ಆರಂಭವಾದ ಒಂದು ಮೈನರ್ ಲೀಗ್ ಪಂದ್ಯವನ್ನು ಮೂವತ್ತೆರಡು ಇನಿಂಗ್ಸ್ ಆದರೂ ಸಮಬಲ ಮುರಿಯದೆ, ಬೆಳಗಿನ ಜಾವ ನಾಲ್ಕು ಗಂಟೆ ದಾಟಿದ ಬಳಿಕ, ನಿಲ್ಲಿಸಲಾಯಿತು. ಆಗ ಕ್ರೀಡಾಂಗಣದಲ್ಲಿ ಉಳಿದಿದ್ದ ಪ್ರೇಕ್ಷಕರು ಹತ್ತೊಂಬತ್ತು ಮಂದಿ. ಎರಡು ತಿಂಗಳ ನಂತರ ಅದೇ ಪಂದ್ಯವನ್ನು ಮುಂದುವರಿಸಿದಾಗ ಒಂದೇ ಇನಿಂಗ್ಸ್‌ನಲ್ಲಿ ಅದು ಮುಗಿದುಹೋಯಿತು.

ಇಂತಹ ಸೋಮಾರಿತನಕ್ಕೆ 2023ರಲ್ಲಿ ಅಗ್ರ ಹಂತದ ಮೇಜರ್ ಲೀಗ್ ‘ಪಿಚ್ ಕ್ಲಾಕ್’ ಎಂಬ ಶಾಶ್ವತ ಪರಿಹಾರವನ್ನು ಕಂಡುಹಿಡಿಯಿತು. ಬೇಸ್‌ಗಳು, ಅಂದರೆ ರನ್ನರ್ ಒಂದೊಂದಾಗಿ ದಾಟಬೇಕಾದ ಠಾಣೆಗಳು, ಖಾಲಿಯಿದ್ದರೆ ಪಿಚರ್ ಹದಿನೈದು ಸೆಕೆಂಡಿನೊಳಗೆ ಚೆಂಡೆಸೆಯಲು ತೊಡಗಬೇಕು. ರನ್ನರ್ ಇದ್ದರೆ ಮೊದಲ ವರ್ಷ ಇಪ್ಪತ್ತು. ಗಡಿಯಾರ ಎಂಟಕ್ಕಿಳಿಯುವ ಹೊತ್ತಿಗೆ ಬ್ಯಾಟರ್ ನೆಲದ ಮೇಲೆ ಗೆರೆಯೆಳೆದ ತನ್ನ ಪೆಟ್ಟಿಗೆಯೊಳಗೆ ನಿಂತು ಪಿಚರ್‌ನತ್ತ ಗಮನವಿಟ್ಟಿರಬೇಕು. ತಡ ಮಾಡಿದ ಪಿಚರ್‌ಗೆ ಎಸೆಯದ ಚೆಂಡೊಂದು ‘ಬಾಲ್’ (ನಾಲ್ಕಾದರೆ ಬ್ಯಾಟರ್‌ಗೆ ಮೊದಲ ಬೇಸ್ ಉಚಿತ) ಎಂದು ದಾಖಲಾಗುತ್ತದೆ. ತಡ ಮಾಡಿದ ಬ್ಯಾಟರ್‌ಗೆ ಬಾರದ ಚೆಂಡೊಂದು ‘ಸ್ಟ್ರೈಕ್’ (ಮೂರಾದರೆ ಅವನು ಔಟ್) ಎಂದು ದಾಖಲಾಗುತ್ತದೆ. ನಡೆಯದ ಘಟನೆಗೆ ಅಂಕ ಕೊಡುವ ಈ ಪದ್ಧತಿ ತತ್ವಶಾಸ್ತ್ರದ ವಿದ್ಯಾರ್ಥಿಗಳ ಗಮನಕ್ಕೆ ಇನ್ನೂ ಬಂದಂತಿಲ್ಲ. ಇದರ ಜೊತೆಗೆ, ಒಬ್ಬ ಬ್ಯಾಟರ್ ಆಡುತ್ತಿರುವಾಗ ಪಿಚರ್ ಎರಡು ಬಾರಿ ಮಾತ್ರ ತನ್ನ ನಿಲುವಿನಿಂದ ಕಾಲು ತೆಗೆಯಬಹುದು ಅಥವಾ ರನ್ನರ್‌ನನ್ನು ಹಿಡಿಯಲು ಬೇಸ್‌ಗೆ ಚೆಂಡೆಸೆಯಬಹುದು. ಮೂರನೆಯ ಸಲ ಹಾಗೆ ಮಾಡಿದರೆ ರನ್ನರ್ ಔಟಾಗಲೇಬೇಕು, ಆಗದಿದ್ದರೆ ಅವನಿಗೆ ಮುಂದಿನ ಬೇಸ್ ಉಚಿತ. ಬೇಸ್‌ಗಳ ಅಗಲವನ್ನೂ ಹದಿನೈದು ಅಂಗುಲದಿಂದ ಹದಿನೆಂಟಕ್ಕೆ ಹಿಗ್ಗಿಸಲಾಯಿತು. ಚೆಂಡಿಗೆ ಪೆಟ್ಟು ಬೀಳುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡುವ ಕಳ್ಳನಿಗೆ ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೆ, ಕದ್ದ ಬೇಸ್‌ಗಳ ಸಂಖ್ಯೆ 2022ರ 2,486ರಿಂದ ಮರುವರ್ಷ 3,503ಕ್ಕೆ ಏರಿದ್ದನ್ನು ಆಟದ ಪುನರುಜ್ಜೀವನವೆಂದು ಬಣ್ಣಿಸಲಾಯಿತು.

ನಿಯಮಗಳನ್ನು ಅಂಗೀಕರಿಸಿದ ಸಮಿತಿಯ ರಚನೆಯನ್ನೂ ಇಲ್ಲಿ ಗೌರವದಿಂದ ನೆನೆಯಬೇಕು. ಅದರಲ್ಲಿ ತಂಡದ ಮಾಲೀಕರ ಪಕ್ಷದವರು ಆರು ಮಂದಿ, ಆಟಗಾರರು ನಾಲ್ವರು, ಅಂಪೈರ್ ಒಬ್ಬರು. ನಾಲ್ವರು ಆಟಗಾರರೂ ಪಿಚ್ ಕ್ಲಾಕ್ ಬೇಡವೆಂದರು; ಪಿಚ್ ಕ್ಲಾಕ್ ಬಂದಿತು. ಒಂದೇ ವರ್ಷದಲ್ಲಿ ಇಪ್ಪತ್ತು ಸೆಕೆಂಡು ಹದಿನೆಂಟಾಯಿತು. ಅಂದಹಾಗೆ, ಬೇಸ್ ಖಾಲಿಯಿರುವಾಗ ಹನ್ನೆರಡು ಸೆಕೆಂಡಿನೊಳಗೆ ಎಸೆಯಬೇಕೆಂಬ ಇನ್ನೂ ಕಠಿಣವಾದ ನಿಯಮ ಪುಸ್ತಕದಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಇತ್ತು. ಅದನ್ನು ಯಾರೂ ಜಾರಿ ಮಾಡಲಿಲ್ಲ, ಏಕೆಂದರೆ ಅದನ್ನು ಓದಲು ಪುಸ್ತಕ ತೆರೆಯಬೇಕಾಗಿತ್ತು.

ಹೊಸ ವ್ಯವಸ್ಥೆ ತನ್ನ ಪ್ರತಾಪವನ್ನು ತೋರಿಸಲು ಎರಡು ದಿನವೂ ಹಿಡಿಯಲಿಲ್ಲ. 2023ರ ಫೆಬ್ರವರಿ 25ರಂದು ಫ್ಲಾರಿಡಾದಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ ಅಟ್ಲಾಂಟಾ ಬ್ರೇವ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ತಂಡಗಳು 6-6ರಲ್ಲಿ ಸಮವಾಗಿದ್ದವು. ಒಂಬತ್ತನೆಯ ಇನಿಂಗ್ಸ್‌ನ ಕೊನೆ, ಮೂರು ಬೇಸ್‌ಗಳಲ್ಲೂ ರನ್ನರ್‌ಗಳು, ಎರಡು ಔಟ್, ಮೂರು ಬಾಲ್, ಎರಡು ಸ್ಟ್ರೈಕ್. ಹಿತ್ತಲಲ್ಲಿ ಆಡುವ ಪ್ರತಿಯೊಬ್ಬ ಹುಡುಗನೂ ಕಲ್ಪಿಸಿಕೊಳ್ಳುವ ಗಳಿಗೆ ಅದು. ಬ್ರೇವ್ಸ್ ತಂಡದ ಕ್ಯಾಲ್ ಕಾನ್ಲಿ ಸಿದ್ಧನಾಗಲು ಒಂದಿಷ್ಟು ತಡ ಮಾಡಿದನೆಂದು ಅಂಪೈರ್ ಮೂರನೆಯ ಸ್ಟ್ರೈಕ್ ಕೊಟ್ಟರು. ಪಂದ್ಯ ಸಮಬಲದಲ್ಲಿ ಮುಗಿಯಿತು. ಇನ್ನೊಂದು ಚೆಂಡೆಸೆದಿದ್ದರೆ ವ್ಯರ್ಥವಾಗುತ್ತಿದ್ದ ಸಮಯ ಹೀಗೆ ಉಳಿತಾಯವಾಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಕೋಡಿ ಬೆಲಿಂಜರ್ ಚಿಕಾಗೊ ಕಬ್ಸ್ ತಂಡದ ಅಂಗಿ ತೊಟ್ಟು ಲಾಸ್ ಏಂಜಲಿಸ್‌ನ ಡಾಜರ್ಸ್ ಮೈದಾನಕ್ಕೆ ಮೊದಲ ಬಾರಿಗೆ ಹಿಂದಿರುಗಿದ. ಆರು ವರ್ಷ ತಮ್ಮ ತಂಡಕ್ಕೆ ಆಡಿದವನೆಂದು ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಗಡಿಯಾರ ಮುಗಿದು, ಪ್ರೀತಿಯನ್ನು ಸ್ವೀಕರಿಸುತ್ತಿದ್ದ ಅಪರಾಧಕ್ಕೆ ಅವನ ಮೇಲೊಂದು ಸ್ಟ್ರೈಕ್ ಬಿದ್ದಿತು. ಕೃತಜ್ಞತೆಯನ್ನು ಎಂಟು ಸೆಕೆಂಡು ಉಳಿದಿರುವಾಗಲೇ ಮುಗಿಸುವ ತರಬೇತಿಯನ್ನು ಪ್ರೇಕ್ಷಕರಿಗೂ ಕೊಡುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಗಡಿಯಾರದ ಪರವಾಗಿ ಸತ್ಯವನ್ನೂ ಹೇಳಬೇಕು. ಅದು ಕೆಲಸ ಮಾಡಿದೆ. 2022ರಲ್ಲಿ ಒಂಬತ್ತು ಇನಿಂಗ್ಸ್‌ನ ಪಂದ್ಯ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿತ್ತು. 2023ರಲ್ಲಿ ಅದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆ ವರ್ಷ ಕ್ರೀಡಾಂಗಣಕ್ಕೆ ಬಂದವರ ಸಂಖ್ಯೆ ಏಳು ಕೋಟಿ ದಾಟಿತು. ಒಂದೊಂದು ಚೆಂಡಿಗೂ ಪೆಟ್ಟಿಗೆಯಿಂದ ಹೊರಬಂದು, ಎರಡೂ ಕೈಗವಸುಗಳ ಪಟ್ಟಿಯನ್ನು ಬಿಚ್ಚಿ, ಮತ್ತೆ ಬಿಗಿದು, ಆಕಾಶ ನೋಡಿ, ಬೂಟಿನ ಮಣ್ಣು ತಟ್ಟುತ್ತಿದ್ದ ಬ್ಯಾಟರ್‌ಗಳನ್ನು ಕಂಡವರು ಈ ಸುಧಾರಣೆಯನ್ನು ವಿರೋಧಿಸಲಾರರು. ಕ್ರಿಕೆಟ್ಟಿನವರಿಗೂ ಇದರ ಗಾಳಿ ತಾಗಿದೆ: ಸೀಮಿತ ಓವರುಗಳ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ಓವರಿಗೂ ಇನ್ನೊಂದಕ್ಕೂ ನಡುವೆ ಅರವತ್ತು ಸೆಕೆಂಡಿನ ಗಡಿಯಾರ ಈಗ ನಮ್ಮ ತೆರೆಯ ಮೇಲೂ ಓಡುತ್ತದೆ. ಆದ್ದರಿಂದ ನನ್ನ ತಕರಾರು ಗಡಿಯಾರದ ಮೇಲಲ್ಲ. ಪಂದ್ಯವೊಂದಕ್ಕೆ 24 ನಿಮಿಷದಂತೆ 162 ಪಂದ್ಯಗಳಿಗೆ ಲೆಕ್ಕ ಹಾಕಿದರೆ, ಪ್ರತಿ ತಂಡದ ನಿಷ್ಠಾವಂತ ಅಭಿಮಾನಿಗೆ ವರ್ಷಕ್ಕೆ ಸುಮಾರು 65 ಗಂಟೆ ಉಳಿದಿದೆ. ಆ 65 ಗಂಟೆ ಯಾರ ಜೇಬಿಗೆ ಹೋಯಿತೆಂಬುದಷ್ಟೇ ಪ್ರಶ್ನೆ.

ಮೊದಲ ಕಂತು ಬಿಯರ್ ಅಂಗಡಿಗೆ ಸಂದಾಯವಾಯಿತು. ಅಮೆರಿಕದ ಬಹುತೇಕ ಕ್ರೀಡಾಂಗಣಗಳಲ್ಲಿ ಏಳನೆಯ ಇನಿಂಗ್ಸ್ ಮುಗಿದ ಮೇಲೆ ಮದ್ಯ ಮಾರುವುದಿಲ್ಲ ಎಂಬ ರೂಢಿಯಿತ್ತು. ಕುಡಿದವರು ಕಾರು ಹತ್ತುವ ಮೊದಲು ಸ್ವಲ್ಪವಾದರೂ ತಿಳಿಯಾಗಲೆಂಬುದು ಅದರ ಆಶಯ. ಪಂದ್ಯ ಬೇಗ ಮುಗಿಯತೊಡಗಿದ ಕೂಡಲೇ ಮಿಲ್ವಾಕೀ, ಅರಿಜೋನಾ, ಟೆಕ್ಸಸ್, ಮಿನೆಸೋಟಾ ತಂಡಗಳು ಮಾರಾಟವನ್ನು ಎಂಟನೆಯ ಇನಿಂಗ್ಸ್‌ವರೆಗೆ ವಿಸ್ತರಿಸಿದವು. ಆಗ ಫಿಲಡೆಲ್ಫಿಯಾ ತಂಡದ ಪಿಚರ್ ಆಗಿದ್ದ ಮ್ಯಾಟ್ ಸ್ಟ್ರಾಮ್, ಆಟ ಬೇಗ ಮುಗಿಯುವುದಾದರೆ ಮಾರಾಟವನ್ನೂ ಬೇಗ, ಆರನೆಯ ಇನಿಂಗ್ಸ್‌ಗೇ ನಿಲ್ಲಿಸಬೇಕಲ್ಲವೇ ಎಂದು ಕೇಳಿದ. ಚೆಂಡೆಸೆಯುವವನಿಗೆ ಗಣಿತವೇಕೆ? ಮದುವೆ ಮನೆಯಲ್ಲಿ ಮೊದಲ ಪಂಕ್ತಿಯವರನ್ನು ಪಾಯಸ ಮುಗಿಯುವ ಮೊದಲೇ ಎಬ್ಬಿಸಿ, ತೆರವಾದ ಜಾಗದಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕುವ ಬದಲು ಪಾತ್ರೆಯಂಗಡಿ ತೆರೆದರೆ ಹೇಗೋ, ಇದೂ ಹಾಗೆಯೇ ಇದೆ. ಇನಿಂಗ್ಸ್‌ಗಳ ನಡುವೆ ಜಾಹೀರಾತಿಗಾಗಿ ಆಟ ನಿಲ್ಲುವ ಹದಿನಾರು ಹದಿನೇಳು ವಿರಾಮಗಳಂತೂ ಒಂದೊಂದೂ ಎರಡು ನಿಮಿಷದ ಆಸುಪಾಸಿನಲ್ಲಿ ಸುಖವಾಗಿವೆ. ಪಿಚರ್‌ನ ಉಸಿರಿನಿಂದ ಎರಡು ಸೆಕೆಂಡು ಕಿತ್ತುಕೊಂಡ ಸಮಿತಿಗೆ ಟ್ರಕ್ಕು ಮತ್ತು ವಿಮೆಯ ಜಾಹೀರಾತುಗಳಲ್ಲಿ ಕಿತ್ತುಕೊಳ್ಳುವಂಥದ್ದೇನೂ ಕಾಣಲಿಲ್ಲ.

ಉಳಿದ ಕಂತುಗಳನ್ನು ಪಂದ್ಯಗಳ ವೇಳಾಪಟ್ಟಿ ನುಂಗಿತು. 2025ರ ಹಂಗಾಮು ಮಾರ್ಚ್ 18ರಂದು ಟೋಕಿಯೋದಲ್ಲಿ ಆರಂಭವಾಯಿತು. ಡಾಜರ್ಸ್ ಮತ್ತು ಕಬ್ಸ್ ತಂಡಗಳು ಅಲ್ಲಿ ಸಂಜೆ ಏಳು ಗಂಟೆಗೆ ಆಡಲಿಳಿದಾಗ ಲಾಸ್ ಏಂಜಲಿಸ್‌ನಲ್ಲಿ ಬೆಳಗಿನ ಜಾವ ಮೂರು, ಚಿಕಾಗೊದಲ್ಲಿ ಐದು. ರಾತ್ರಿ ಬೇಗ ಮನೆಗೆ ಹೋಗಿ ಮಲಗಲೆಂದು 24 ನಿಮಿಷ ಉಳಿಸಿಕೊಟ್ಟ ಲೀಗು, ಆ ನಿದ್ರೆಯನ್ನು ಬಡ್ಡಿ ಸಮೇತ ವಸೂಲು ಮಾಡಿತು. ಅಂಕಪಟ್ಟಿಗೆ ಸೇರುವ ಎರಡು ಪಂದ್ಯಗಳನ್ನು ಪೆಸಿಫಿಕ್ ಸಾಗರದಾಚೆ ಮುಗಿಸಿದ ಎರಡೂ ತಂಡಗಳು ಸ್ವದೇಶಕ್ಕೆ ಮರಳಿ ಮತ್ತೆ ಅಭ್ಯಾಸ ಪಂದ್ಯಗಳನ್ನಾಡಿದವು. ಪರೀಕ್ಷೆ ಬರೆದು ಬಂದ ಮೇಲೆ ಪಾಠ ಓದುವ ಈ ಕ್ರಮ ಹಿಂದಿನ ವರ್ಷ ಸೋಲ್ ನಗರದಲ್ಲೂ ಯಶಸ್ವಿಯಾಗಿತ್ತು. ಆಗಸ್ಟ್ 2ರಂದು ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ, ಕಾರು ಓಡಿಸುವ ಬೃಹತ್ ರೇಸ್ ಟ್ರ್ಯಾಕಿನ ಮಧ್ಯೆ ಮೈದಾನ ಹಾಸಿ, ತೊಂಬತ್ತು ಸಾವಿರ ಟಿಕೆಟ್ ಮಾರಿ ಪಂದ್ಯವಿಟ್ಟರು. ಮಳೆ ಬಂದಿತು. ಮೊದಲ ಇನಿಂಗ್ಸೇ ಮುಗಿಯದೆ ಪಂದ್ಯ ಮರುದಿನಕ್ಕೆ ಹೋಯಿತು. ಮೋಡಗಳು ಎಂಟು ಸೆಕೆಂಡಿನ ನಿಯಮಕ್ಕೆ ಒಳಪಡುವುದಿಲ್ಲವೆಂದು ತೋರುತ್ತದೆ.

ಗಡಿಯಾರ ಬಂದ ವರ್ಷವೇ ವೇಳಾಪಟ್ಟಿಯನ್ನೂ ‘ಸಮತೋಲನ’ಗೊಳಿಸಲಾಯಿತು. ಅದುವರೆಗೆ ಒಂದು ತಂಡ ತನ್ನ ವಿಭಾಗದ ನಾಲ್ಕು ನೆರೆಯ ತಂಡಗಳೊಂದಿಗೆ ತಲಾ ಹತ್ತೊಂಬತ್ತು ಪಂದ್ಯ ಆಡುತ್ತಿತ್ತು. ಈಗ ತಲಾ ಹದಿಮೂರು, ಮಿಕ್ಕಂತೆ ಮೇಜರ್ ಲೀಗಿನ ಇತರ ಎಲ್ಲ ತಂಡಗಳನ್ನೂ ಭೇಟಿ ಮಾಡಬೇಕು. ಯಾವ ಊರಿನ ಅಭಿಮಾನಿಯೂ ಯಾವ ತಾರೆಯನ್ನೂ ನೋಡದೆ ಉಳಿಯಬಾರದೆಂಬ ಉದ್ದೇಶ ಒಳ್ಳೆಯದೇ. ಹೀಗಾಗಿ ಆಟಗಾರ ಮೈದಾನದಲ್ಲಿ ಸೆಕೆಂಡು ಎಣಿಸುತ್ತಾನೆ, ವಿಮಾನದಲ್ಲಿ ಗಂಟೆ ಎಣಿಸುತ್ತಾನೆ.

ಅಕ್ಟೋಬರ್ ಬಂದೊಡನೆ ಅವಸರವೆಲ್ಲ ಮಾಯವಾಗುತ್ತದೆ. 2022ರಿಂದ ಪ್ಲೇಆಫ್‌ಗೆ ಹತ್ತರ ಬದಲು ಹನ್ನೆರಡು ತಂಡಗಳು ಅರ್ಹವಾಗುತ್ತವೆ. ವಿಭಾಗ ಗೆದ್ದವುಗಳಲ್ಲಿ ಮುಂಚೂಣಿಯ ನಾಲ್ಕು ತಂಡಗಳಿಗೆ ಮೊದಲ ಸುತ್ತಿನಿಂದ ವಿನಾಯಿತಿ, ಅಂದರೆ ಐದು ದಿನ ಬಿಡುವು. ಆರು ತಿಂಗಳು ಹೆಚ್ಚುಕಡಿಮೆ ದಿನ ಬಿಡದೆ ಆಡಿಸಿ, ಹದಿನೆಂಟು ಸೆಕೆಂಡು ಸುಮ್ಮನೆ ನಿಂತರೆ ದಂಡ ಹಾಕಿ, ಕೊನೆಗೆ ಅಮೂಲ್ಯ ವಾರದಲ್ಲಿ ಐದು ದಿನ ಕೈಕಟ್ಟಿ ಕುಳ್ಳಿರಿಸುವುದೇ ಪಾರಿತೋಷಕ. 2022ರಲ್ಲಿ 111 ಪಂದ್ಯ ಗೆದ್ದಿದ್ದ ಡಾಜರ್ಸ್ ಈ ಪಾರಿತೋಷಕವನ್ನು ಸ್ವೀಕರಿಸಿ ಸ್ಯಾನ್ ಡಿಯಾಗೊ ಎದುರು ಮನೆಗೆ ಹೋದರು. 2023ರಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆದ್ದ ಮೂರು ತಂಡಗಳಿದ್ದವು. ಬಿಡುವು ಮುಗಿಸಿ ಬಂದ ಆ ಮೂರೂ ಸೇರಿ ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಪಂದ್ಯ. 84 ಪಂದ್ಯವಷ್ಟೇ ಗೆದ್ದಿದ್ದ ಅರಿಜೋನಾ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಆಡಿತು. ಬಿಡುವೇ ಸೋಲಿಗೆ ಕಾರಣವೆಂದು ಖಚಿತವಾಗಿ ಹೇಳಲಾಗದು, ಸಣ್ಣ ಸರಣಿಗಳಲ್ಲಿ ಅದೃಷ್ಟದ ಪಾಲೂ ದೊಡ್ಡದು. ಆದರೆ ಏಪ್ರಿಲ್‌ನಿಂದ ಗೆಲ್ಲುತ್ತ ಬಂದವರ ಬಹುಮಾನ ಇಷ್ಟು ಅನುಮಾನಾಸ್ಪದವಾಗಿರಬಾರದು.

ಇನ್ನು 2025ರ ವರ್ಲ್ಡ್ ಸೀರೀಸ್. ಡಾಜರ್ಸ್ ಮತ್ತು ಟೊರಾಂಟೊ ತಂಡಗಳ ನಡುವಿನ ಮೂರನೆಯ ಪಂದ್ಯ ಪೂರ್ವ ಕರಾವಳಿಯ ಕಾಲಮಾನದಲ್ಲಿ ರಾತ್ರಿ ಎಂಟಕ್ಕೆ ಆರಂಭವಾಗಿ, ಹದಿನೆಂಟು ಇನಿಂಗ್ಸ್ ನಡೆದು, 6 ಗಂಟೆ 39 ನಿಮಿಷದ ಬಳಿಕ ಫ್ರೆಡ್ಡಿ ಫ್ರೀಮನ್‌ನ ಹೋಮ್ ರನ್ನಿನಿಂದ ಮುಗಿಯಿತು. ಟೊರಾಂಟೊದಲ್ಲಿ ಆಗ ಬೆಳಗಿನ ಜಾವ ಮೂರಾಗುತ್ತ ಬಂದಿತ್ತು. ಆ ರಾತ್ರಿ ಎಸೆದ ಆರುನೂರಕ್ಕೂ ಹೆಚ್ಚು ಚೆಂಡುಗಳಲ್ಲಿ ಪ್ರತಿಯೊಂದರ ಮುಂದೆಯೂ ಗಡಿಯಾರ ಓಡುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಅದು ಅದ್ಭುತವಾದ ಪಂದ್ಯ, ಮತ್ತು ಆ ಆರೂಮುಕ್ಕಾಲು ಗಂಟೆ ಉದ್ದವಾಯಿತೆಂದು ಲೀಗಿನ ಯಾವ ಅಧಿಕಾರಿಯೂ ವಿಷಾದ ವ್ಯಕ್ತಪಡಿಸಲಿಲ್ಲ.

ಪಿಚರ್‌ಗಳ ಮೊಣಕೈಯ ವಿಚಾರವನ್ನೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಹೆಸರಾಂತ ಪಿಚರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ, ಚೇತರಿಸಿಕೊಳ್ಳುವ ಸಮಯವನ್ನು ಕಡಿತಗೊಳಿಸಿದ್ದೇ ಅಪಾಯವೆಂದು ಆಟಗಾರರ ಸಂಘದ ಆಗಿನ ಮುಖ್ಯಸ್ಥ ಟೋನಿ ಕ್ಲಾರ್ಕ್ ಹೇಳಿಕೆ ಕೊಟ್ಟರು. ಲೀಗು ಅದನ್ನು ಒಪ್ಪಲಿಲ್ಲ. ಆ ಡಿಸೆಂಬರ್‌ನಲ್ಲಿ ಹೊರಬಂದ ವರದಿ, ಪ್ರತಿ ಚೆಂಡನ್ನೂ ಸರ್ವಶಕ್ತಿ ಹಾಕಿ ಎಸೆಯುವ ಇತ್ತೀಚಿನ ವೇಗದ ಹುಚ್ಚಿನತ್ತ ಬೆರಳು ತೋರಿಸಿ ಗಡಿಯಾರವನ್ನು ನಿರ್ದೋಷಿ ಎಂದು ಬಿಟ್ಟಿತು. ವೇಗದ ಹುಚ್ಚು ನಿಜವೇ. ಗಾಯಗಳು ಗಡಿಯಾರಕ್ಕಿಂತ ಮೊದಲೇ ಏರತೊಡಗಿದ್ದವೆಂಬುದೂ ನಿಜ. ವರದಿಯನ್ನು ಸಿದ್ಧಪಡಿಸಿದ್ದು ಲೀಗೇ ಎಂಬುದೂ ಅಷ್ಟೇ ನಿಜ.

2026ರಿಂದ ಅಂಪೈರ್ ಕೊಡುವ ಬಾಲ್-ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಲು ಅವಕಾಶವಿದೆ. ಆಟಗಾರ ತಲೆಯನ್ನು ತಟ್ಟಿಕೊಂಡರೆ ಸಾಕು, ದೊಡ್ಡ ತೆರೆಯ ಮೇಲೆ ಚೆಂಡಿನ ಚಿತ್ರ ಮೂಡುವವರೆಗೆ ಎಲ್ಲರೂ ಕಾಯುತ್ತಾರೆ. ತಲೆ ಚಚ್ಚಿಕೊಳ್ಳುವ ಹಕ್ಕನ್ನು ನಿಯಮಪುಸ್ತಕದಲ್ಲೇ ಸೇರಿಸಿದ ಮೊದಲ ಕ್ರೀಡೆ ಬಹುಶಃ ಇದೇ. ಇದೇ ಉತ್ಸಾಹದಲ್ಲಿ ನನ್ನದೂ ಒಂದು ವಿನಮ್ರ ಸಲಹೆಯಿದೆ. ಇನಿಂಗ್ಸ್ ಮುಗಿದೊಡನೆ ಟೀವಿ ತೆರೆಯ ಮೂಲೆಯಲ್ಲೂ ಕೆಂಪು ಅಂಕಿಯ ಗಡಿಯಾರವೊಂದು ಓಡಲಿ. ಟ್ರಕ್ಕಿನ ಜಾಹೀರಾತು ತೊಂಬತ್ತು ಸೆಕೆಂಡು ಮೀರಿದರೆ ತಂಡದ ಮಾಲೀಕರ ಖಾತೆಗೆ ತನ್ನಿಂದ ತಾನೇ ಒಂದು ಸ್ಟ್ರೈಕ್ ಬೀಳಲಿ. ಮೂರು ಸ್ಟ್ರೈಕ್ ಆದರೆ ಅಂದಿನ ಬಿಯರ್ ಮಾರಾಟ ಆರನೆಯ ಇನಿಂಗ್ಸ್‌ಗೇ ಬಂದಾಗಲಿ. ಈ ಸಲಹೆಯನ್ನು ಸೂಕ್ತ ಸಮಿತಿಯ ಮುಂದಿಡಬಹುದು. ನಾಲ್ಕು ಮತ ಖಂಡಿತ ಸಿಗುತ್ತದೆ, ಅಂಪೈರ್ ಒಳ್ಳೆಯ ಮನಃಸ್ಥಿತಿಯಲ್ಲಿದ್ದರೆ ಐದು.