ಮೂರನೇ ಪಾಠಕ್ಕೇ ನಿಂತುಹೋದವರಿಗೆ

ಖಿನ್ನತೆಗೆ ಆನ್‌ಲೈನ್ ಚಿಕಿತ್ಸೆ ಶುರುಮಾಡಿ ಅರ್ಧಕ್ಕೇ ಬಿಟ್ಟ ಕೆಲವರು "ನನ್ನ ಕೈಲಿ ಇದೂ ಆಗಲಿಲ್ಲ" ಅಂತ ನನಗೆ ಮೆಸೇಜ್ ಮಾಡಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ನಾನೂ ಮೂರನೇ ಪಾಠಕ್ಕೇ ನಿಂತಿದ್ದೆ.

ಅದು ನಾವೇ ಓದಿ, ನಾವೇ ಉತ್ತರ ಬರೆದುಕೊಳ್ಳುವ ಕೋರ್ಸು. ಪಾಠಗಳೇನೋ ಚೆನ್ನಾಗಿದ್ದವು. ತಾನಾಗಿ ನುಗ್ಗಿಬರುವ ಯೋಚನೆಯನ್ನು ಹಿಡಿದು ನಿಲ್ಲಿಸಿ, ಇದು ನಿಜವೇ, ಇದಕ್ಕೇನು ಸಾಕ್ಷಿ ಅಂತ ಕೇಳುವುದು. 1960ರ ದಶಕದಲ್ಲಿ ಮನೋವೈದ್ಯ ಆ್ಯರನ್ ಬೆಕ್ ರೂಪಿಸಿದ, ಯೋಚನೆ-ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಚಿಕಿತ್ಸೆಯನ್ನೇ ವಾರಕ್ಕೊಂದು ಪಾಠ ಮಾಡಿದ್ದರು. ಆದರೆ ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಕೆಲಸಕ್ಕೆ ಕೈಹಾಕುವ ಶಕ್ತಿಯನ್ನು. ಹಾಸಿಗೆ ಬಿಟ್ಟು ಏಳಲಾಗದವರಿಗೆ ಹೋಮ್‌ವರ್ಕ್ ಕೊಟ್ಟು, ಮಾಡಿದಿರಾ ಅಂತ ಕೇಳಲು ಒಬ್ಬರೂ ಇಲ್ಲದಿದ್ದರೆ ಹೇಗೆ? ನಾಲ್ಕನೇ ವಾರ ನಾನು ಲಾಗಿನ್ ಆಗಲೇ ಇಲ್ಲ. ನನ್ನನ್ನು ನಾನೇ ಬೈದುಕೊಳ್ಳಲು ಇನ್ನೊಂದು ಕಾರಣ ಸಿಕ್ಕಿತು, ಅಷ್ಟೇ.

ಅದು ನನ್ನೊಬ್ಬಳ ಕಥೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಬ್ರಿಟನ್ನಿನಲ್ಲಿ 691 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕೋರ್ಸು ಪೂರ್ತಿ ಮುಗಿಸಿದವರು ಐವರಲ್ಲಿ ಒಬ್ಬರಷ್ಟೂ ಇರಲಿಲ್ಲ. ಮಾಮೂಲಿ ವೈದ್ಯಕೀಯ ಆರೈಕೆಗಿಂತ ಹೆಚ್ಚಿನ ಪ್ರಯೋಜನವೂ ಕಾಣಲಿಲ್ಲ.

ಎರಡನೇ ಸಲ ಪಾಠ ಹೆಚ್ಚುಕಡಿಮೆ ಅದೇ. ಆದರೆ ವಾರಕ್ಕೊಮ್ಮೆ ಥೆರಪಿಸ್ಟ್ ಒಬ್ಬರು ನಾನು ಬರೆದದ್ದನ್ನು ಓದಿ ನಾಲ್ಕು ಸಾಲು ಉತ್ತರ ಬರೆಯುತ್ತಿದ್ದರು. "ಮಂಗಳವಾರ ಖಾಲಿ ಬಿಟ್ಟಿದ್ದೀರಿ. ಆ ದಿನ ಹೇಗಿತ್ತು?" ನಾನು ಬರೆಯದೇ ಬಿಟ್ಟದ್ದನ್ನೂ ಒಬ್ಬರು ನೋಡಿದ್ದಾರಲ್ಲ ಅಂತ ಅವತ್ತು ಅತ್ತಿದ್ದೆ. ಮನಸ್ಸು ಬರಲಿ ಅಂತ ಕಾಯದೆ ದಿನಾ ಹತ್ತು ನಿಮಿಷ ನಡೆಯಿರಿ, ಹೋಗುವ ಮುಂಚೆ, ಬಂದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆದಿಡಿ ಅಂದರು. ಮೊದಲ ವಾರ ಎರಡು ಇದ್ದದ್ದು ಮೂರಾಗಿತ್ತು. ಆ ಒಂದಂಕಿಯನ್ನು ಹಿಡಿದುಕೊಂಡೇ ಮುಂದಿನ ವಾರ ಕಳೆದೆ.

2021ರಲ್ಲಿ ಇಂಥ ಆನ್‌ಲೈನ್ ಸಿಬಿಟಿಯ 39 ಪ್ರಯೋಗಗಳ ಮಾಹಿತಿ ಒಟ್ಟುಗೂಡಿಸಿ ನೋಡಿದವರಿಗೂ ಇಂಥದ್ದೇ ಕಂಡಿತು: ಖಿನ್ನತೆ ಸೌಮ್ಯವಾಗಿದ್ದರೆ ಸ್ವಂತ ಕಲಿಕೆಯ ಕೋರ್ಸೂ ಬಹುಮಟ್ಟಿಗೆ ಮಾರ್ಗದರ್ಶಕರಿರುವ ಕೋರ್ಸಿನಷ್ಟೇ ಫಲ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಇದ್ದವರಿಗೆ, ಜೊತೆಗೆ ಮಾರ್ಗದರ್ಶಕರಿದ್ದಾಗ ಹೆಚ್ಚು ಗುಣ ಕಂಡಿತು. ಹಾಗಿರುವಾಗ, ಸೋತು ಕೂತವರ ಕೈಗೆ ಬರೀ ಆ್ಯಪ್ ಕೊಟ್ಟು ಇದೇ ಚಿಕಿತ್ಸೆ ಅನ್ನುವುದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ದುಡ್ಡು ಕಟ್ಟುವ ಮುಂಚೆ ಕೇಳಿ: ನಾನು ಬರೆದದ್ದನ್ನು ಯಾರು ಓದುತ್ತಾರೆ? ಅವರ ಅರ್ಹತೆ ಏನು? ನನ್ನ ಮಾಹಿತಿ ಬೇರೆ ಯಾರ ಕೈಗೆ ಹೋಗುತ್ತದೆ? ಕೊನೆಯದನ್ನು ಹಗುರವಾಗಿ ತಗೋಬೇಡಿ. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗೆ ಹಂಚಿಕೊಂಡ ಆರೋಪದ ಮೇಲೆ ಒಂದು ದೊಡ್ಡ ಆನ್‌ಲೈನ್ ಥೆರಪಿ ಕಂಪನಿ 2023ರಲ್ಲಿ ಅಮೆರಿಕದಲ್ಲಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಇನ್ನೊಂದು ಮಾತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ, ಸತ್ತರೇ ವಾಸಿ ಅನ್ನಿಸಿದೆಯೇ ಅನ್ನುವುದು. ಅಲ್ಲಿ ನಿಮ್ಮ ಉತ್ತರ ಹೌದು ಅಂತಿದ್ದರೆ ಸ್ಕ್ರೀನ್ ಏನು ಹೇಳುತ್ತದೋ ಅಂತ ಕಾಯಬೇಡಿ. ಎಷ್ಟೇ ಹೊತ್ತಾಗಿರಲಿ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಿ. ಒಬ್ಬರೇ ಇದ್ದರೆ ಯಾರಿಗಾದರೂ ಫೋನ್ ಮಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅನ್ನಿ.